ಕಥಾ ಕಮ್ಮಟಕ್ಕೆ ಕತೆ ಹಿಡಿದು ಹೊರಟವರಿಗೆ

ಬೆಂಗಳೂರಿನಲ್ಲಿ ಕಥಾ ಕಮ್ಮಟ, ಕಾವ್ಯ ಕಮ್ಮಟ ಎಂಬ ಹೆಸರಿನ ಕೆಳಗೆ ಮೂರು ಬಗೆಯ ಕೆಲಸ ನಡೆಯುತ್ತದೆ. ಒಂದು, ಉಪನ್ಯಾಸದ ಕಮ್ಮಟ. ಬ್ಯಾನರ್, ದೀಪ, ನಾಲ್ಕು ಗೋಷ್ಠಿ, ಸಂಜೆ ಪ್ರಮಾಣಪತ್ರ. ಕೇಳಿಸಿಕೊಳ್ಳುವುದಕ್ಕೆ ಒಳ್ಳೆಯದೇ, ಆದರೆ ನಿಮ್ಮ ಬರಹವನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ. ಇನ್ನೊಂದು, ಅಲ್ಲೇ ಕೂರಿಸಿ ಬರೆಸುವ ಕಮ್ಮಟ. ಕೈ ಬಿಗಿದುಕೊಂಡವರಿಗೆ ಇದು ಔಷಧ. ಮೂರನೆಯದು, ನೀವು ಬರೆದು ಕಳಿಸಿದ್ದನ್ನು ಏಳೆಂಟು ಜನ ಮೊದಲೇ ಓದಿಕೊಂಡು ಬಂದು, ಸಾಲು ಹಿಡಿದು ಮಾತಾಡುವ ಕಮ್ಮಟ. ಕತೆ ಸುಧಾರಿಸುವುದು ಹೆಚ್ಚಾಗಿ ಈ ಮೂರನೆಯದರಲ್ಲಿ. ಈ ಲೇಖನ ಮುಖ್ಯವಾಗಿ ಅದನ್ನು ಕುರಿತದ್ದು.

ಆಹ್ವಾನಪತ್ರ ನೋಡಿ ಯಾವ ಬಗೆಯದೆಂದು ಗುರುತಿಸುವುದು ಕಷ್ಟವಲ್ಲ. ಅತಿಥಿಗಳ ಹೆಸರು ದೊಡ್ಡದಾಗಿ, ಶಿಬಿರಾರ್ಥಿಗಳ ಸಂಖ್ಯೆ ಎಲ್ಲಿಯೂ ಇಲ್ಲದಿದ್ದರೆ ಅದು ಮೊದಲನೆಯದು. ‘ಇಂಥ ದಿನಾಂಕದೊಳಗೆ ನಿಮ್ಮ ಕತೆ ಕಳಿಸಿ’ ಎಂದಿದ್ದರೆ ಮೂರನೆಯದು ಇರಬಹುದು.

ಎಲ್ಲಿ ಹುಡುಕುವುದು

ಸಾಂಸ್ಥಿಕ ಕಮ್ಮಟಗಳಿಗೆ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪ್ರಕಟಣೆಗಳನ್ನು ನೋಡುತ್ತಿರಿ. ಇವಕ್ಕೆ ಸಾಮಾನ್ಯವಾಗಿ ಅರ್ಜಿ ಕರೆದು ಆಯ್ಕೆ ಮಾಡುತ್ತಾರೆ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು (1915ರಲ್ಲಿ ಹುಟ್ಟಿದ್ದು), ಕರ್ನಾಟಕ ಲೇಖಕಿಯರ ಸಂಘ, ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್, ಬನಶಂಕರಿಯ ಸುಚಿತ್ರಾ ಸಿನಿಮಾ ಮತ್ತು ಸಾಂಸ್ಕೃತಿಕ ಅಕಾಡೆಮಿ, ಅಟ್ಟ ಗಲಾಟದಂಥ ಪುಸ್ತಕದಂಗಡಿಗಳು: ಇಲ್ಲೆಲ್ಲ ಸಾಹಿತ್ಯದ ಕಾರ್ಯಕ್ರಮಗಳಿಗೆ ಬರುವ ಜನರೇ ಸಣ್ಣ ಗುಂಪುಗಳ ಸುದ್ದಿಯ ಮೂಲ. ಏಳೆಂಟು ಜನರ ಗುಂಪು ಪತ್ರಿಕೆಯಲ್ಲಿ ಜಾಹೀರಾತು ಕೊಡುವುದಿಲ್ಲ. ಪುಸ್ತಕ ಬಿಡುಗಡೆ ಮುಗಿದು ಕಾಫಿಯ ಹೊತ್ತಿನಲ್ಲಿ ‘ನಿಮ್ಮಲ್ಲಿ ಯಾರಾದರೂ ಸೇರಿ ಓದ್ತೀರಾ?’ ಎಂದು ಕೇಳಿದರೆ ಸಿಗುವ ವಾಟ್ಸಾಪ್ ಗುಂಪಿನ ಕೊಂಡಿ ಹುಡುಕಾಟದಲ್ಲಿ ಸಿಗದು.

ಹಣ ಕಟ್ಟುವ ಮುಂಚೆ ಒಂದು ಲೆಕ್ಕ

ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಎಂದರೆ 420 ನಿಮಿಷ. ಊಟಕ್ಕೆ 45, ಎರಡು ಸಲ ಟೀಗೆ 30, ಸ್ವಾಗತ–ಪರಿಚಯಕ್ಕೆ 45 ಕಳೆದರೆ 300 ಉಳಿಯುತ್ತದೆ. ಹತ್ತು ಜನರಿದ್ದರೆ ತಲೆಗೆ 30 ನಿಮಿಷ, ಇಪ್ಪತ್ತು ಜನರಿದ್ದರೆ 15. ಕೇಳುವವರಿಗೆ ತಲುಪುವ ಹಾಗೆ ಗಟ್ಟಿಯಾಗಿ ಓದಿದರೆ ಕನ್ನಡ ಗದ್ಯ ನಿಮಿಷಕ್ಕೆ ನೂರು ಪದದ ಆಸುಪಾಸು ಸಾಗುತ್ತದೆ. 1200 ಪದದ ಕತೆಗೆ 12 ನಿಮಿಷ ಬೇಕು. ಇಪ್ಪತ್ತು ಜನರ ಕಮ್ಮಟದಲ್ಲಿ ಚರ್ಚೆಗೆ ಉಳಿಯುವ ಮೂರು ನಿಮಿಷ ‘ಚೆನ್ನಾಗಿದೆ, ಬರೀತಾ ಇರಿ’ ಎನ್ನುವುದಕ್ಕಷ್ಟೇ ಸಾಲುತ್ತದೆ. ಸಂಘಟಕರು ಎಷ್ಟೇ ಸಜ್ಜನರಾಗಿರಲಿ, ಮಾರ್ಗದರ್ಶಕರು ಎಷ್ಟೇ ದೊಡ್ಡವರಾಗಿರಲಿ, ಈ ಲೆಕ್ಕ ಬದಲಾಗದು.

ಹಾಗಾಗಿ ಫೋನಿನಲ್ಲೇ ಕೇಳಿಬಿಡಿ. ಎಷ್ಟು ಜನ? ಬರಹವನ್ನು ಮೊದಲೇ ಹಂಚುತ್ತೀರಾ, ಅಲ್ಲೇ ಓದುವುದೋ? ಎಲ್ಲರ ಬರಹವೂ ಚರ್ಚೆಗೆ ಬರುತ್ತದೋ, ಆರಿಸಿದ ನಾಲ್ಕೈದೋ? ಮಾತುಕತೆ ಕನ್ನಡದಲ್ಲೋ, ಎರಡೂ ಭಾಷೆಯಲ್ಲೋ? ಕೊನೆಯ ಪ್ರಶ್ನೆ ಈ ಊರಿಗೆ ಬೇಕೇ ಬೇಕು. ಕನ್ನಡ ಓದಲು ಬಾರದವರು ಅರ್ಧ ಇದ್ದರೆ ನಿಮ್ಮ ಕತೆಯ ಕಥಾಸಾರಾಂಶವಷ್ಟೇ ಚರ್ಚೆಗೆ ಬಂದು, ವಾಕ್ಯಗಳು ಹಾಗೇ ಉಳಿಯುತ್ತವೆ. ಇನ್ನೊಂದನ್ನೂ ಕೇಳಿ: ಬರಹಗಳನ್ನು ಕೊನೆಗೆ ಎಲ್ಲಾದರೂ ಪ್ರಕಟಿಸುತ್ತೀರಾ? ಅದಕ್ಕೆ ಏಕೆ ಎಚ್ಚರ ಬೇಕೆಂಬುದು ಮುಂದೆ ಬರುತ್ತದೆ.

ಯಾವ ಬರಹ ಒಯ್ಯುವುದು

ಬಹುಮಾನ ಬಂದ ಕತೆ ಬೇಡ. ಅದನ್ನು ತರುವವರು ತಿದ್ದಿಸಿಕೊಳ್ಳಲು ಬಂದಿರುವುದಿಲ್ಲ, ಚರ್ಚೆಯೂ ಸನ್ಮಾನದ ಕಡೆ ಹೊರಳುತ್ತದೆ. ಕಾದಂಬರಿಯ ಮೊದಲ ಅಧ್ಯಾಯವೂ ಬೇಡ. ಯಾವ ಪ್ರಶ್ನೆ ಕೇಳಿದರೂ ‘ಅದು ಮುಂದೆ ಬರುತ್ತೆ’ ಎಂಬ ಉತ್ತರ ಸಿದ್ಧವಿರುತ್ತದೆ. ನಿನ್ನೆ ರಾತ್ರಿ ಬರೆದದ್ದನ್ನಂತೂ ಒಯ್ಯಲೇಬಾರದು. ಎರಡು ಸಲ ತಿದ್ದಿಯೂ ಎಲ್ಲೋ ಕುಂಟುತ್ತಿರುವ, ಎಲ್ಲಿ ಕುಂಟುತ್ತಿದೆ ಎಂದು ನಿಮಗೆ ಅರ್ಧಂಬರ್ಧ ಗೊತ್ತಿರುವ, 1000ದಿಂದ 1500 ಪದದ ಪೂರ್ತಿ ಕತೆ ಸರಿಯಾದದ್ದು. ಕವಿತೆಯಾದರೆ ಎರಡು ಸಾಕು, ಮೂರಕ್ಕೆ ಹೋಗಬೇಡಿ.

ಜೊತೆಗೆ ಒಂದೇ ಒಂದು ಪ್ರಶ್ನೆ ಬರೆದು ಕಳಿಸಿ. ‘ಹೇಗಿದೆ?’ ಎಂಬುದು ಪ್ರಶ್ನೆಯಲ್ಲ. ‘ಅತ್ತಿಗೆ ಮನೆ ಬಿಟ್ಟು ಹೋಗುತ್ತಾಳೆಂದು ನಿಮಗೆ ಯಾವ ಪುಟದಲ್ಲಿ ಗೊತ್ತಾಯಿತು?’ ಎಂಬುದು ಪ್ರಶ್ನೆ. ಇದಕ್ಕೆ ಎಂಟು ಜನ ಎಂಟು ಪುಟಸಂಖ್ಯೆ ಕೊಡುತ್ತಾರೆ, ಆ ಎಂಟು ಅಂಕಿಗಳೇ ಕತೆಯ ಸುಳಿವುಗಳು ಎಲ್ಲಿ ಹೆಚ್ಚಾದವು, ಎಲ್ಲಿ ಕಡಿಮೆಯಾದವು ಎಂದು ಹೇಳುತ್ತವೆ.

ಕಡತ ಸಿದ್ಧಮಾಡುವಾಗ

ಇಲ್ಲಿ ಎಡವುವವರೇ ಹೆಚ್ಚು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ, ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಯುನಿಕೋಡ್‌ಗೆ ಪರಿವರ್ತಿಸಿ, ಪರಿವರ್ತಿಸಿದ ಮೇಲೆ ಒಮ್ಮೆ ಓದಿ, ಏಕೆಂದರೆ ಅರ್ಕಾವತ್ತು, ರ-ವತ್ತುಗಳು ಸ್ಥಳಾಂತರವಾಗುವುದುಂಟು. ಧ್ವನಿಯಿಂದ ಟೈಪ್ ಮಾಡಿಸಿದವರು ಇನ್ನೂ ಜಾಗ್ರತೆಯಿಂದ ನೋಡಬೇಕು. ಅದು ಆಡುನುಡಿಯ ರೂಪಗಳನ್ನು ತನಗೆ ಗೊತ್ತಿರುವ ಪದಕ್ಕೆ ತಿರುಗಿಸಿಬಿಡುತ್ತದೆ, ವಿರಾಮಚಿಹ್ನೆಗಳನ್ನು ನುಂಗುತ್ತದೆ.

ಎ4 ಪುಟ, 14 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಒಂದೂವರೆ ಅಂತರ. ಒಂದೇ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವಂತಿರುತ್ತದೆ, ಪೆನ್ಸಿಲ್ ಗುರುತಿಗೆ ಜಾಗವೂ ಇರುವುದಿಲ್ಲ. ಬಲಬದಿಗೆ ಒಂದೂವರೆ ಇಂಚು ಅಂಚು ಬಿಡಿ. ಪುಟಸಂಖ್ಯೆ ಹಾಕಿ, ಜೊತೆಗೆ ಸಾಲುಸಂಖ್ಯೆಯನ್ನೂ ಹಾಕಿ. ವರ್ಡ್‌ನಲ್ಲಿ ಲೇಔಟ್ ಮೆನುವಿನ ಲೈನ್ ನಂಬರ್ಸ್ ಒತ್ತಿ ‘ರೀಸ್ಟಾರ್ಟ್ ಈಚ್ ಪೇಜ್’ ಆರಿಸಿದರೆ ಆಯಿತು. ‘ಆ ಮಳೆ ಬರೋ ಜಾಗ ಇದೆಯಲ್ಲ, ಅದಕ್ಕಿಂತ ಸ್ವಲ್ಪ ಮೇಲೆ’ ಎಂದು ಎಂಟು ಜನ ಪುಟ ತಿರುವುವುದಕ್ಕಿಂತ ‘ಮೂರನೇ ಪುಟ, ಹದಿನೇಳನೇ ಸಾಲು’ ಎನ್ನುವುದು ಲೇಸು. ಹಂಚುವುದು ಪಿಡಿಎಫ್‌ನಲ್ಲೇ ಇರಲಿ, ಕಮ್ಮಟಕ್ಕೆ ಐದು ದಿನ ಮುಂಚೆ ತಲುಪಲಿ. ಮುದ್ರಿತ ಪ್ರತಿ ಬೇಕಿದ್ದರೆ ಜನರ ಸಂಖ್ಯೆಗೆ ಎರಡು ಸೇರಿಸಿ ತೆಗೆಸಿ, ಅದೂ ಶನಿವಾರ ಸಂಜೆಯೇ. ಭಾನುವಾರ ಬೆಳಿಗ್ಗೆ ತೆರೆದಿರುವ ಜೆರಾಕ್ಸ್ ಅಂಗಡಿ ಹುಡುಕಿಕೊಂಡು ಗಾಂಧಿಬಜಾರು ಸುತ್ತುವ ಕೆಲಸ ತಪ್ಪುತ್ತದೆ.

ಕಳಿಸುವ ಮುನ್ನ ಒಂದು ಸಣ್ಣ ಶುದ್ಧೀಕರಣ ಮಾಡಿಕೊಳ್ಳಿ, ಇಲ್ಲದಿದ್ದರೆ ಅರ್ಧ ಗಂಟೆಯ ಚರ್ಚೆ ಕಾಗುಣಿತದಲ್ಲೇ ಮುಗಿಯುತ್ತದೆ. ಲ–ಳ, ಶ–ಷ, ಅ–ಹ, ಮಹಾಪ್ರಾಣ ನೋಡಿ. ಆಮೇಲೆ ‘ತನ್ನ’, ‘ಒಂದು’, ‘ಅನ್ನು’ ಎಂಬ ಮೂರನ್ನು ಹುಡುಕುತ್ತ ಹೋಗಿ. ‘ಅವನು ತನ್ನ ತಲೆಯನ್ನು ಅಲ್ಲಾಡಿಸಿದನು’ ಎಂದು ಬರೆದಿದ್ದರೆ ‘ತಲೆ ಅಲ್ಲಾಡಿಸಿದ’ ಸಾಕು. ಇಂಗ್ಲಿಷ್ ಹೆಚ್ಚು ಓದುವ ನಗರದ ಬರಹಗಾರರಲ್ಲಿ ಇದು ಪುಟಕ್ಕೆ ಹತ್ತು ಸಿಗುತ್ತದೆ. ‘ಎದ್ದ. ಬಾಗಿಲು ತೆರೆದ. ಹೊರಗೆ ನೋಡಿದ. ನಿಟ್ಟುಸಿರು ಬಿಟ್ಟ’ ಎಂದು ಒಂದೇ ತಾಳದಲ್ಲಿ ಸಾಗುವ ಜಾಗಗಳನ್ನೂ ಗುರುತಿಸಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ಏಕತಾನ ಬೇಗ ಕಿವಿಗೆ ಬೀಳುತ್ತದೆ. ‘ಎದ್ದು ಬಾಗಿಲು ತೆರೆದರೆ ಹೊರಗೆ ಯಾರೂ ಇಲ್ಲ’ ಎಂದು ಎರಡನ್ನು ಹೆಣೆದರೂ ಓಟ ಬದಲಾಗುತ್ತದೆ.

ಉಳಿದವರ ಬರಹ ಓದುವುದು

ಕಮ್ಮಟದ ಮುಕ್ಕಾಲು ಲಾಭ ಇರುವುದು ಇಲ್ಲಿ, ನಿಮ್ಮ ಕತೆಯ ಸರದಿಯಲ್ಲಲ್ಲ. ಬೇರೆಯವರ ಕತೆಯಲ್ಲಿ ತಪ್ಪು ಎದ್ದು ಕಾಣುತ್ತದೆ. ಅದೇ ತಪ್ಪು ನಮ್ಮದರಲ್ಲಿ ಅಡಗಿ ಕೂತಿರುತ್ತದೆ. ಆದರೂ ಹೆಚ್ಚಿನವರು ಮೆಟ್ರೊದಲ್ಲಿ ನಿಂತು, ನ್ಯಾಷನಲ್ ಕಾಲೇಜು ನಿಲ್ದಾಣ ಬರುವಷ್ಟರಲ್ಲಿ ಮೂರು ಕತೆ ಓದಿ ಮುಗಿಸಿಕೊಂಡು ಬರುತ್ತಾರೆ. ಅಂಥವರ ಮಾತಿನಲ್ಲಿ ‘ವಸ್ತು ಚೆನ್ನಾಗಿದೆ, ನಿರೂಪಣೆ ಇನ್ನೂ ಬಿಗಿಯಾಗಬೇಕು’ ಎಂಬುದರಾಚೆ ಏನೂ ಇರುವುದಿಲ್ಲ. ಆ ವಾಕ್ಯ ಜಗತ್ತಿನ ಎಲ್ಲ ಕತೆಗಳಿಗೂ ಅನ್ವಯಿಸುತ್ತದೆ.

ಒಂದು ಕತೆಗೆ ಎರಡು ಓದು, ಒಟ್ಟು ನಲವತ್ತು ನಿಮಿಷ ಕೊಡಿ. ಮೊದಲ ಸಲ ಪೆನ್ಸಿಲ್ ಮುಟ್ಟದೆ ಓದಿ, ಮುಗಿದ ಕೂಡಲೇ ಕತೆ ಏನು ಎಂದು ಎರಡು ಸಾಲಿನಲ್ಲಿ ಬರೆದುಕೊಳ್ಳಿ. ಈ ಎರಡು ಸಾಲು ಲೇಖಕರಿಗೆ ಸಿಗುವ ಅತ್ಯಂತ ಬೆಲೆಯ ಕಾಗದ. ತಾವು ತಾಯಿ–ಮಗಳ ಕತೆ ಬರೆದೆವು ಎಂದುಕೊಂಡಿದ್ದವರಿಗೆ ಆರು ಜನ ಅದನ್ನು ಆಸ್ತಿ ಜಗಳದ ಕತೆ ಎಂದು ಓದಿದ್ದಾರೆಂದು ಗೊತ್ತಾಗಲಿ. ಎರಡನೇ ಸಲ ಮೂರೇ ಗುರುತು ಬಳಸಿ: ಹಿಡಿಸಿದ ಕಡೆ ಅಡಿಗೆರೆ, ನಿಂತು ಮತ್ತೆ ಓದಬೇಕಾದ ಕಡೆ ಪ್ರಶ್ನಾರ್ಥಕ, ಕಣ್ಣು ತಾನಾಗಿ ಹಾರಿಹೋದ ಕಡೆ ಅಂಚಿನಲ್ಲಿ ಉದ್ದ ಗೀಟು. ಮೂರನೆಯದನ್ನು ಒಪ್ಪಿಕೊಳ್ಳಲು ಸಂಕೋಚ ಪಡುವವರೇ ಹೆಚ್ಚು. ಆದರೆ ಐದು ಪ್ರತಿಯಲ್ಲಿ ಒಂದೇ ಪ್ಯಾರಾಕ್ಕೆ ಗೀಟು ಬಿದ್ದಿದ್ದರೆ ಆ ಪ್ಯಾರಾ ಹೋಗಬೇಕು, ಚರ್ಚೆಯೇ ಬೇಡ.

ಕನ್ನಡ ಕತೆಯಲ್ಲಿ ವಿಶೇಷವಾಗಿ ಗಮನಿಸಬೇಕಾದ್ದು ಒಂದಿದೆ. ನಿರೂಪಕ ಪಾತ್ರಗಳನ್ನು ಏಕವಚನದಲ್ಲಿ ಕರೆಯುತ್ತಾನೋ ಬಹುವಚನದಲ್ಲೋ? ‘ಅಪ್ಪ ಬಂದ’ ಮತ್ತು ‘ಅಪ್ಪ ಬಂದರು’ ಎರಡು ಬೇರೆ ಮನೆಗಳು. ಎರಡನೇ ಪುಟದವರೆಗೆ ‘ಬಂದರು’ ಎಂದಿದ್ದು ಮೂರರಲ್ಲಿ ‘ಬಂದ’ ಆದರೆ ಅದು ಬೇಕೆಂದು ಮಾಡಿದ್ದೋ, ಕೈತಪ್ಪೋ ಎಂದು ಕೇಳಿ. ಬೇಕೆಂದೇ ಮಾಡಿದ್ದಾದರೆ ಇಡೀ ಕತೆ ಅಲ್ಲಿ ತಿರುಗಬಹುದು.

ಇನ್ನು ಆಡುನುಡಿ. ಈ ಊರಿನ ಒಂದು ಮೇಜಿನ ಸುತ್ತ ಧಾರವಾಡ, ಕುಂದಾಪುರ, ಮಂಡ್ಯ, ಕೋಲಾರ ಎಲ್ಲ ಕೂತಿರುತ್ತವೆ. ‘ಬರತೇನಿ’ ಎಂಬುದನ್ನೋ ‘ಬತ್ತೀನಿ’ ಎಂಬುದನ್ನೋ ‘ಬರುತ್ತೇನೆ’ ಎಂದು ತಿದ್ದಿಕೊಡುವ ಉತ್ಸಾಹಿ ಪ್ರತಿ ಕಮ್ಮಟದಲ್ಲೂ ಒಬ್ಬರಿರುತ್ತಾರೆ. ನೀವು ಆ ಒಬ್ಬರಾಗಬೇಡಿ. ನೋಡಬೇಕಾದ್ದು ಶುದ್ಧತೆಯನ್ನಲ್ಲ, ಹೊಂದಿಕೆಯನ್ನು. ಒಂದೇ ಪಾತ್ರ ಒಂದು ಕಡೆ ‘ಬತ್ತೀನಿ’, ಇನ್ನೊಂದು ಕಡೆ ‘ಬರ್ತೀನಿ’ ಎಂದರೆ ಗುರುತು ಹಾಕಿ. ಸಂಭಾಷಣೆ ಮಾತ್ರ ಆಡುನುಡಿಯಲ್ಲಿದ್ದು ನಿರೂಪಣೆ ಪಾಠಪುಸ್ತಕದ ಹಾಗಿದ್ದರೆ ಆ ಅಂತರ ಕತೆಗೆ ಸಲ್ಲುತ್ತದೆಯೇ ಎಂದು ಕೇಳಿ. ಅರ್ಥವಾಗದ ಪದ ಸಿಕ್ಕರೆ ‘ತೆಗೆಯಿರಿ’ ಎನ್ನುವ ಬದಲು ‘ಸಂದರ್ಭದಿಂದ ನನಗೆ ಹೀಗೆ ಅನ್ನಿಸಿತು, ಸರಿಯೇ?’ ಎನ್ನಿ. ಸರಿಯಾಗಿ ಊಹಿಸಿದ್ದರೆ ಪದ ಅಲ್ಲೇ ಇರಲಿ.

ಕೂತಾಗ

ಭಾನುವಾರ ಮೆಟ್ರೊ ಬೇರೆ ದಿನಗಳಿಗಿಂತ ತಡವಾಗಿ ಶುರುವಾಗುತ್ತದೆ, ದೂರದವರು ನೋಡಿಕೊಳ್ಳಿ. ಪೆನ್ಸಿಲ್, ನಿಮ್ಮ ಕತೆಯ ಒಂದು ಪ್ರತಿ, ಎಲ್ಲರ ಕತೆಗಳ ಗುರುತು ಹಾಕಿದ ಪ್ರತಿ, ಒಂದು ನೋಟ್‌ಬುಕ್. ಲ್ಯಾಪ್‌ಟಾಪ್ ಬೇಡ, ಅದರ ಹಿಂದೆ ಮುಖ ಮರೆಯಾಗುತ್ತದೆ.

ನಿಮ್ಮ ಸರದಿ ಬಂದಾಗ ಪೀಠಿಕೆ ಹಾಕಬೇಡಿ. ‘ಇದು ಆತುರದಲ್ಲಿ ಬರೆದದ್ದು, ತಪ್ಪಿದ್ದರೆ ಕ್ಷಮಿಸಿ’ ಎಂದ ಕೂಡಲೇ ಎಲ್ಲರೂ ಮೃದುವಾಗಿಬಿಡುತ್ತಾರೆ, ಬಂದ ಕೆಲಸ ಕೆಡುತ್ತದೆ. ಮೊದಲೇ ಹಂಚಿದ್ದರೆ ಪೂರ್ತಿ ಓದುವುದೂ ಬೇಡ. ಒಂದು ಪುಟ ಗಟ್ಟಿಯಾಗಿ ಓದಿದರೆ ಲಯ ಎಲ್ಲರ ಕಿವಿಗೆ ಬೀಳುತ್ತದೆ. ಓದುವಾಗ ನಿಮ್ಮ ನಾಲಿಗೆ ತಡವರಿಸಿದ ಕಡೆ ಚುಕ್ಕಿ ಇಡಿ. ಅಲ್ಲಿ ವಾಕ್ಯ ಕೆಟ್ಟಿರುತ್ತದೆ.

ಆಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಲೇಖಕ ಸುಮ್ಮನಿರುವ ಈ ಪದ್ಧತಿ ಅಮೆರಿಕದ ಬರವಣಿಗೆ ಕಾರ್ಯಾಗಾರಗಳಿಂದ ಬಂದದ್ದು. ಅಯೋವ ವಿಶ್ವವಿದ್ಯಾಲಯದ ಕಾರ್ಯಾಗಾರ 1936ರಿಂದ ನಡೆಯುತ್ತಿದೆ. ಅದರ ಹಿಂದಿನ ತರ್ಕ ಸರಳ: ಪತ್ರಿಕೆಯಲ್ಲಿ ಓದುವವರ ಪಕ್ಕ ಕೂತು ನೀವು ವಿವರಿಸಲಾರಿರಿ. ನಮ್ಮಲ್ಲಿ ಇದನ್ನು ಮುರಿಯುವ ಮಾತು ಯಾವಾಗಲೂ ಒಂದೇ, ‘ಆದರೆ ಇದು ನಿಜವಾಗಿ ನಡೆದದ್ದು’. ನಡೆದದ್ದಕ್ಕೂ ನಂಬುವ ಹಾಗೆ ಬರೆದದ್ದಕ್ಕೂ ಸಂಬಂಧವಿಲ್ಲ. ಉತ್ತರ ಕೊಡುವ ಕೈಗೆ ಪೆನ್ಸಿಲ್ ಕೊಡಿ, ಯಾರು ಯಾವ ಸಾಲಿಗೆ ಏನೆಂದರು ಎಂದಷ್ಟೇ ಬರೆದುಕೊಳ್ಳಿ.

ಮೌನ ಶಿಕ್ಷೆಯಂತೆ ಕಾಣುವ ಗುಂಪಿಗೆ ಬೇರೆ ಕ್ರಮವಿದೆ. ನೃತ್ಯ ಸಂಯೋಜಕಿ ಲಿಜ್ ಲರ್ಮನ್ ರೂಪಿಸಿದ ನಾಲ್ಕು ಹಂತದ ಪದ್ಧತಿಯಲ್ಲಿ ಮೊದಲು ಕೇಳುಗರು ತಮಗೆ ಯಾವುದು ಅರ್ಥಪೂರ್ಣವೆನಿಸಿತು ಎನ್ನುತ್ತಾರೆ, ಆಮೇಲೆ ಕರ್ತೃವೇ ಪ್ರಶ್ನೆ ಕೇಳುತ್ತಾರೆ, ಮೂರನೆಯದಾಗಿ ಕೇಳುಗರು ಅಭಿಪ್ರಾಯ ಬೆರೆಸದ ಪ್ರಶ್ನೆ ಕೇಳುತ್ತಾರೆ, ಕೊನೆಗೆ ಅನುಮತಿ ಪಡೆದು ಅಭಿಪ್ರಾಯ. ‘ಕೊನೆ ಯಾಕೆ ಇಷ್ಟು ಅವಸರ?’ ಎಂಬುದರಲ್ಲಿ ಅಭಿಪ್ರಾಯ ಅಡಗಿದೆ. ‘ಕೊನೆಯ ಪುಟ ಎಷ್ಟು ಹೊತ್ತಿನಲ್ಲಿ ನಡೆಯಬೇಕೆಂದಿದ್ದಿರಿ?’ ಎಂಬುದರಲ್ಲಿ ಇಲ್ಲ. ಮೊದಲ ಸಲ ಬರಹ ತಂದವರಿಗೆ ಇದು ಹೆಚ್ಚು ಒಗ್ಗುತ್ತದೆ, ಸಮಯ ಮಾತ್ರ ಹೆಚ್ಚು ಬೇಡುತ್ತದೆ.

ಹೇಳುವ ಸರದಿ ನಿಮ್ಮದಾದಾಗ ತಲೆಗೆ ಮೂರು ನಿಮಿಷ ಮೀರಬೇಡಿ. ಹಿಡಿಸಿದ ಒಂದು ಸಾಲನ್ನು ಸಂಖ್ಯೆ ಸಮೇತ ಹೇಳಿ, ಕಾರಣ ಹೇಳಿ. ಎಡವಿದ ಒಂದು ಜಾಗ ಹೇಳಿ, ಅಲ್ಲಿ ಓದುಗನಾಗಿ ನಿಮಗೆ ಏನಾಯಿತೆಂದು ಹೇಳಿ. ‘ನಾನಾಗಿದ್ದರೆ ಅವಳನ್ನು ಸಾಯಿಸುತ್ತಿದ್ದೆ’ ಎನ್ನುವುದು ನಿಮ್ಮ ಕತೆ, ಅವರದಲ್ಲ. ಹಿರಿಯರು ಮೊದಲು ಮಾತಾಡಿದರೆ ಉಳಿದವರೆಲ್ಲ ‘ಸಾರ್ ಹೇಳಿದ ಹಾಗೆ’ ಎಂದು ಶುರುಮಾಡುತ್ತಾರೆ. ಹಾಗಾಗಿ ಮೇಷ್ಟ್ರ ಮಾತು ಕೊನೆಗಿರಲಿ ಎಂದು ಸಂಘಟಕರಿಗೆ ಮೊದಲೇ ಕೋರಿಕೊಳ್ಳಿ. ಬಹುಪಾಲು ಹಿರಿಯರು ಖುಷಿಯಿಂದ ಒಪ್ಪುತ್ತಾರೆ.

ಅಲ್ಲೇ ಬರೆಸಿದರೆ

ಹತ್ತು ನಿಮಿಷದ ಅಭ್ಯಾಸ ಕೊಟ್ಟಾಗ ಒಳ್ಳೆಯದನ್ನು ಬರೆಯಲು ಹೊರಡಬೇಡಿ, ಕೊಟ್ಟ ಕಟ್ಟಳೆ ಪಾಲಿಸಿ. ಬಿಎಂಟಿಸಿ ಬಸ್ಸಿನಲ್ಲಿ ಚಿಲ್ಲರೆಗಾಗಿ ನಡೆಯುವ ಜಗಳವನ್ನು ಬರೀ ಸಂಭಾಷಣೆಯಲ್ಲಿ, ‘ಎಂದ’, ‘ಅಂದಳು’ ಇಲ್ಲದೆ ಬರೆಯಿರಿ ಎಂದರೆ ಅಲ್ಲಿರುವ ಪಾಠ, ಮಾತಿನಿಂದಲೇ ಆಳು ಗುರುತಾಗಬೇಕೆಂಬುದು. ಮನೆ ಬಾಡಿಗೆಗೆ ನೋಡಲು ಹೋದವನಿಗೆ ಮಾಲೀಕರು ಕೇಳುವ ಪ್ರಶ್ನೆಗಳನ್ನಷ್ಟೇ ಬರೆದರೂ ಒಂದು ಕತೆಯ ಅರ್ಧ ಕಟ್ಟಿದಂತೆಯೇ. ಸಮಯ ಮುಗಿದಾಗ ಅರ್ಧವಾಕ್ಯದಲ್ಲೇ ನಿಲ್ಲಿಸಿ. ಮನೆಗೆ ಹೋದಮೇಲೆ ಮುಂದುವರಿಸಲು ಅದೇ ಹಿಡಿ.

ಮನೆಗೆ ಬಂದ ಮೇಲೆ

ಅದೇ ರಾತ್ರಿ ತಿದ್ದಬೇಡಿ, ಎರಡು ವಾರ ಬಿಡಲೂಬೇಡಿ. ಒಂದೆರಡು ದಿನ ಕಳೆದು, ಎಲ್ಲರ ಗುರುತುಗಳನ್ನೂ ಒಂದೇ ಸ್ವಚ್ಛ ಪ್ರತಿಗೆ ಇಳಿಸಿ. ಮೂರಕ್ಕಿಂತ ಹೆಚ್ಚು ಜನ ಬೆರಳಿಟ್ಟ ಜಾಗ ನಿಜಕ್ಕೂ ಕೆಟ್ಟಿದೆ ಎಂದು ನಂಬಿ. ಅವರು ಸೂಚಿಸಿದ ಪರಿಹಾರಗಳನ್ನು ಮಾತ್ರ ನಂಬಬೇಡಿ, ಏಕೆಂದರೆ ನೋವು ಒಂದು ಕಡೆ ಕಂಡರೂ ಕಾರಣ ಸಾಮಾನ್ಯವಾಗಿ ಹಿಂದಿನ ಪುಟದಲ್ಲಿರುತ್ತದೆ. ಕೊನೆ ನಾಟಕೀಯವಾಯಿತು ಎಂದು ಐವರು ಅಂದರೆ ಕೊನೆಯನ್ನು ಮೆತ್ತಗೆ ಮಾಡುವ ಮೊದಲು, ಎರಡನೇ ಪುಟದಲ್ಲಿ ಅದಕ್ಕೆ ಬೇಕಾದ ತಯಾರಿ ಇದೆಯೇ ನೋಡಿ. ಒಬ್ಬರೇ ಹೇಳಿದ, ಆದರೆ ಕೇಳಿದಾಗ ನಿಮಗೆ ಸಿಟ್ಟು ಬಂದ ಮಾತನ್ನೂ ಬೇರೆ ಇಟ್ಟುಕೊಳ್ಳಿ. ಉಳಿದದ್ದು ಬಿಡಬಹುದು. ಎಲ್ಲರನ್ನೂ ಮೆಚ್ಚಿಸಲು ತಿದ್ದಿದ ಕತೆಯಲ್ಲಿ ಯಾರ ದನಿಯೂ ಉಳಿದಿರುವುದಿಲ್ಲ.

ಪ್ರಕಟಣೆಯ ವಿಷಯ. ಪತ್ರಿಕೆಗಳೂ ಕಥಾಸ್ಪರ್ಧೆಗಳೂ ಸಾಮಾನ್ಯವಾಗಿ ಎಲ್ಲಿಯೂ ಪ್ರಕಟವಾಗದ ಕತೆ ಕೇಳುತ್ತವೆ, ಹಲವು ಕಡೆ ಜಾಲತಾಣದ ಪ್ರಕಟಣೆಯೂ ಅದರಲ್ಲಿ ಸೇರುತ್ತದೆ. ಆದ್ದರಿಂದ ಕಮ್ಮಟದ ಫೇಸ್‌ಬುಕ್ ಪುಟಕ್ಕೋ ಸ್ಮರಣಸಂಚಿಕೆಗೋ ಹಾಕಲು ಒಪ್ಪುವ ಮುಂಚೆ ಆ ಕತೆಗೆ ಬೇರೆ ದಾರಿ ಯೋಚಿಸಿದ್ದೀರಾ ನೋಡಿಕೊಳ್ಳಿ. ಶಿಬಿರಾರ್ಥಿಗಳಿಂದಲೇ ದುಡ್ಡು ಪಡೆದು ಸಂಕಲನ ತರುತ್ತೇವೆ ಎನ್ನುವವರಿಗೆ ಎಷ್ಟು ಪ್ರತಿ, ಯಾರು ಹಂಚುತ್ತಾರೆ, ಹಕ್ಕು ಯಾರದು ಎಂದು ಬರಹದಲ್ಲಿ ಕೇಳಿ. ಕತೆ ಕದಿಯುತ್ತಾರೆಂಬ ಭಯ ಹೊಸಬರಲ್ಲಿ ಬೇಕಾದಷ್ಟಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ. ಆದರೆ ರಕ್ಷಣೆ ಬರೆದ ರೂಪಕ್ಕೆ, ಎಳೆಗಲ್ಲ. ಊಟದ ಹೊತ್ತಿನಲ್ಲಿ ಬಾಯಲ್ಲಿ ಹೇಳಿದ ಕಥಾವಸ್ತುವನ್ನು ಇನ್ನೊಬ್ಬರು ತಮ್ಮ ರೀತಿಯಲ್ಲಿ ಬರೆದರೆ ಕಾನೂನು ನೆರವಿಗೆ ಬರುವುದಿಲ್ಲ. ನಿಮ್ಮ ಪಿಡಿಎಫ್ ಕಳಿಸಿದ ದಿನಾಂಕದ ಇಮೇಲ್ ಒಂದನ್ನು ಉಳಿಸಿಕೊಂಡರೆ ಸಾಕು. ಇದರ ಇನ್ನೊಂದು ಮುಖವೂ ಇದೆ: ಗುಂಪಿನಲ್ಲಿ ಓದಿದ ಬೇರೆಯವರ ಕತೆಯನ್ನು ಮನೆಯವರಿಗೂ ಮುಂದೆ ಕಳಿಸಬಾರದು.

ಗುಂಪು ಸಿಗದಿದ್ದರೆ

ಆರು ಜನ ಸಾಕು. ತಿಂಗಳಿಗೆ ಒಂದು ಭಾನುವಾರ, ಎರಡೂವರೆ ಗಂಟೆ, ಸಲಕ್ಕೆ ಮೂರು ಬರಹ; ಎರಡು ತಿಂಗಳಿಗೊಮ್ಮೆ ಪ್ರತಿಯೊಬ್ಬರ ಸರದಿ. ನಾಲ್ಕು ಜನರಿದ್ದರೆ ಇಬ್ಬರು ಗೈರಾದ ದಿನ ಸಭೆ ಬೀಳುತ್ತದೆ. ಎಂಟು ದಾಟಿದರೆ ಸರದಿ ದೂರವಾಗಿ ಜನ ಸಡಿಲಾಗುತ್ತಾರೆ. ಒಂದೇ ಮೆಟ್ರೊ ಮಾರ್ಗದವರು ಸೇರಿದರೆ ಗುಂಪು ಬಾಳುತ್ತದೆ. ವೈಟ್‌ಫೀಲ್ಡ್‌ನವರೂ ಕೆಂಗೇರಿಯವರೂ ನೇರಳೆ ಮಾರ್ಗದಲ್ಲಿ ನಡುವೆ ಎಲ್ಲೋ ಕೂಡಬಹುದು; ಮೆಟ್ರೊ ಮುಟ್ಟದ ಬಡಾವಣೆಯವರನ್ನು ಸೇರಿಸಿಕೊಂಡರೆ ಮೂರನೇ ತಿಂಗಳಿಗೆ ಅವರ ಸಂದೇಶ ‘ಟ್ರಾಫಿಕ್‌ನಲ್ಲಿದ್ದೀನಿ, ಶುರು ಮಾಡಿ’ ಎಂದೇ ಬರುತ್ತದೆ.

ಜಾಗ: ಕಬ್ಬನ್ ಪಾರ್ಕು ಮೌನವಾಗಿ ಓದಲು ಚೆಂದ, ಆದರೆ ಎಂಟು ಜನಕ್ಕೆ ಕೇಳುವಂತೆ ಗಟ್ಟಿಯಾಗಿ ಓದುವುದು ಕಷ್ಟ, ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಸಂಜೆ ಮಳೆಯ ಭಯ ಬೇರೆ. ದರ್ಶಿನಿಯಲ್ಲಿ ಕೂರಲು ಬಿಡುವುದಿಲ್ಲ, ಕೆಫೆಯಲ್ಲಿ ಮಿಕ್ಸರ್ ಸದ್ದಿಗೆ ಕವಿತೆ ಸಾಯುತ್ತದೆ. ಅಪಾರ್ಟ್‌ಮೆಂಟಿನ ಸಮುದಾಯ ಕೋಣೆ, ಇಲ್ಲವೇ ಸರದಿಯಂತೆ ಒಬ್ಬೊಬ್ಬರ ಮನೆ ವಾಸಿ. ಮನೆಯಾದರೆ ತಿಂಡಿಯನ್ನು ಚುರುಮುರಿ–ಕಾಫಿಗೆ ಸೀಮಿತಗೊಳಿಸಿ. ಮೊದಲ ಮನೆಯಲ್ಲಿ ಇಡ್ಲಿ–ವಡೆ ಆದರೆ ನಾಲ್ಕನೇ ಮನೆಯಲ್ಲಿ ಹೋಳಿಗೆ ಆಗುತ್ತದೆ, ಐದನೆಯವರು ಕರೆಯುವುದನ್ನೇ ಮುಂದೂಡುತ್ತಾರೆ.

ಪ್ರತಿ ಸಭೆಗೆ ಒಬ್ಬರು ಗಡಿಯಾರ ಹಿಡಿಯಬೇಕು, ಅಂದು ಅವರ ಬರಹ ಇರಬಾರದು. ಎರಡು ಸಲ ಬೇರೆಯವರದ್ದನ್ನು ಓದದೆ ಬಂದವರ ಬರಹ ಮೂರನೇ ಸಲ ಚರ್ಚೆಗೆ ಬರುವುದಿಲ್ಲ ಎಂಬ ನಿಯಮವನ್ನು ಮೊದಲ ದಿನವೇ ಗುಂಪಿನಲ್ಲಿ ಬರೆದು ಹಾಕಿ. ಗೆಳೆತನ ಬೆಳೆದ ಮೇಲೆ ಹಾಕಲು ಹೋದರೆ ಅದು ಒಬ್ಬರ ಮೇಲಿನ ದೂರಿನ ಹಾಗೆ ಕೇಳಿಸುತ್ತದೆ.